ಹುಡುಗಿಗೆ ರೈಫಲ್ ಕೊಡ್ಸೋಕ್ ಹೋಗಿ ಕಲಿತಿದ್ದು

ಅಕ್ಕನ ಮಗಳಿಗೆ 13 ವರ್ಷ, ಮೈಸೂರಲ್ಲಿ ಓದ್ತಿದಾಳೆ. ಹೋದ್ವರ್ಷ ಯಾವ್ದೋ ಕ್ಯಾಂಪಲ್ಲಿ ಒಂದಿನ ಏರ್ ರೈಫಲ್ ಹಿಡಿದು ಬಂದೋಳು ಅದೇ ಗುಂಗಲ್ಲಿ ಬಿದ್ಲು, ಮಾಮಾ ನಂಗೊಂದು ಕೊಡ್ಸು ಅಂತ. ನಾನು ಕೊಡಗಲ್ಲಿ ಬೆಳೆದೋನು, ಮನೇಲಿ ತಾತನ ಕಾಲದಿಂದ ಕೋವಿ ಇದೆ, ನಂಗೆ ಗೊತ್ತಿಲ್ವಾ ಅಂತ ಯಾರನ್ನೂ ಕೇಳ್ದೆ ಅಂಗಡಿಗೆ ಹೋಗಿ ಇದ್ದಿದ್ರಲ್ಲೇ ಜೋರಾಗಿ ಹೊಡೆಯೋದು, ಮೇಲೆ ಟೆಲಿಸ್ಕೋಪ್ ಕೂರಿಸಿರೋದು ನೋಡಿ ತಂದ್ಬಿಟ್ಟೆ. ನಳಿಗೆ ತೂತು 4.5 ಎಂಎಂ, ಹೊಡೆತದ ಶಕ್ತಿ 20 ಜೂಲ್ ಒಳಗೆ, ಹಾಗಾಗಿ ಲೈಸೆನ್ಸ್ ತಲೆನೋವೂ ಇರ್ಲಿಲ್ಲ.

ಮೊದಲ್ನೇ ದಿನ ಶೂಟಿಂಗ್ ರೇಂಜಲ್ಲಿ ಕೋಚ್ ಕೈಗೆ ತಗೊಂಡು ತಿರುಗಿಸಿ ನೋಡಿ, "ಸಾರ್, ಗನ್ ಚೆನ್ನಾಗಿದೆ, ಆದ್ರೆ ಇವ್ಳು ಮಾಡ್ಬೇಕಿರೋ ಕೆಲ್ಸಕ್ಕೆ ಅಲ್ಲ" ಅಂದ್ರು. 10 ಮೀಟರ್ ಸ್ಪರ್ಧೇಲಿ ಟೆಲಿಸ್ಕೋಪ್ ಬಿಡೋದೇ ಇಲ್ಲ, ಸಣ್ಣ ತೂತಿನ ಸೈಟಲ್ಲಿ ನೋಡಿ ಹೊಡೀಬೇಕು. ಅದಾದ್ರೂ ಬಿಚ್ಚಬಹುದು. ನಿಜವಾದ ತೊಂದ್ರೆ ಒಳಗಿನ ಸ್ಪ್ರಿಂಗು. ನಳಿಗೆ ಬಗ್ಗಿಸಿ ಲೋಡ್ ಮಾಡೋ ಗನ್ನಲ್ಲಿ ಟ್ರಿಗರ್ ಎಳೆದ ತಕ್ಷಣ ಪಿಸ್ಟನ್ ಮುಂದಕ್ಕೆ ನುಗ್ಗಿ ಬಡಿಯುತ್ತೆ, ಪೆಲೆಟ್ (ಏರ್ ರೈಫಲಿನ ಪುಟ್ಟ ಗುಂಡು) ಇನ್ನೂ ನಳಿಗೆ ಒಳಗೇ ಇರುವಾಗ್ಲೇ ಇಡೀ ಗನ್ ಅದುರಿಬಿಡುತ್ತೆ. ಟಿನ್ ಡಬ್ಬ ಬೀಳಿಸೋಕೆ ಅದು ಲೆಕ್ಕಕ್ಕೇ ಬರಲ್ಲ, ಆದ್ರೆ ಇಲ್ಲಿ ಹತ್ತು ಪಾಯಿಂಟಿನ ಗುರಿ ಅಂದ್ರೆ ಅರ್ಧ ಮಿಲಿಮೀಟರ್ ಚುಕ್ಕೆ, ಪೆನ್ನಿನ ಮೊನೆ ಒತ್ತಿದಷ್ಟು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಲ್ಲಿ ಅಭಿನವ್ ಬಿಂದ್ರಾ ಕೊನೇ ಗುಂಡಿಗೆ 10.8 ಪಾಯಿಂಟ್ ಹೊಡೆದ್ರು, ಅಲ್ಲೀವರೆಗೂ ಸಮ ಸಮ ಇದ್ದ ಫಿನ್‌ಲ್ಯಾಂಡಿನವ್ರು 9.7. ಟಾರ್ಗೆಟ್ ಮೇಲೆ ಅಳೆದ್ರೆ ನಡುವಿನ ಚುಕ್ಕೆಗೆ ಇವ್ರು ಅವ್ರಿಗಿಂತ ಹತ್ರ ಇದ್ದಿದ್ದು ಮೂರು ಮಿಲಿಮೀಟರ್ ಕೂಡ ಅಲ್ಲ! ಅದಕ್ಕೇ ಮ್ಯಾಚ್ ರೈಫಲ್‌ಗಳಲ್ಲಿ ಸ್ಪ್ರಿಂಗ್ ಬದ್ಲು ಗಾಳಿ ತುಂಬಿದ ಸಿಲಿಂಡರ್, ಹೊಡೆದ್ರೆ ಭುಜಕ್ಕೆ ಗೊತ್ತೇ ಆಗಲ್ಲ.

ಅದಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು. ಅವ್ಳು ಗನ್ ಹಿಡಿದು ನಿಂತಾಗ ಬಟ್ಟು, ಅಂದ್ರೆ ಭುಜಕ್ಕೆ ಒತ್ತೋ ಹಿಂಭಾಗ, ಭುಜ ದಾಟಿ ಆಚೆ ಹೋಗಿತ್ತು, ಕೆನ್ನೆ ಗನ್ನಿನ ಮರದ ಮೇಲೆ ಕೂರ್ದೆ ಕತ್ತು ಕೊಕ್ಕರೆ ಥರ ಮುಂದಕ್ಕೆ ಚಾಚಿಕೊಂಡಿತ್ತು, ಹತ್ತು ನಿಮಿಷಕ್ಕೆ ಎಡಗೈ ನಡುಗ್ತಿತ್ತು. ಅದು ದೊಡ್ಡೋರ ಅಳತೆ ಗನ್ನು. ಪಾಪ ನಾನ್ ಬೇಜಾರ್ ಮಾಡ್ಕೋತೀನಿ ಅಂತ ಬಾಯೇ ಬಿಟ್ಟಿರ್ಲಿಲ್ಲ ಅವ್ಳು.

ಮನೆಗ್ ಬಂದು ಯೋಚ್ನೆ ಮಾಡ್ದಾಗ ಅನ್ಸಿದ್ದು, ಒಂದೊಂದು ಕೆಲ್ಸಕ್ಕೆ ಒಂದೊಂದು ಕೋವಿ ಅನ್ನೋದು ನಮ್ಮೂರಿನ ಲೆಕ್ಕಾನೇ ಅಲ್ವಾ ಅಂತ. ತಾತನ ಜೋಡಿ ನಳಿಗೆ 12 ಬೋರ್ ಕೋವೀಲಿ ಚರೆ, ಅಂದ್ರೆ ಸಣ್ಣ ಸಣ್ಣ ಗುಂಡುಗಳು, ಹರಡ್ಕೊಂಡು ಹೋಗುತ್ತೆ, ಹತ್ರದಲ್ಲಿ ಓಡೋ ಬೇಟೆಗೆ ಅಂತಾನೇ ಮಾಡಿದ್ದು, ಈಗ ಬೇಟೆ ನಿಷೇಧ, ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್ ದಿನ ಹೂ ಇಟ್ಟು ಪೂಜೆಗೆ ಹೊರಗೆ ಬರುತ್ತೆ. ಅದೇ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ ನಮ್ ದೊಡ್ಡಪ್ಪ ತರೋದು ಪಾಯಿಂಟ್ 22 ರೈಫಲ್, ಒಂದೇ ಗುಂಡು, ನೆಟ್ಟಗೆ ಹೋಗುತ್ತೆ, ಆದ್ರೆ ಕಾಯಿ ತಪ್ಪಿದ್ರೆ ಒಂದು ಕಿಲೋಮೀಟರ್ ದಾಟಿ ಹೋಗೋ ಗುಂಡದು, ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ದಿರೋ ಜಾಗದಲ್ಲಿ ಅದನ್ನ ಎತ್ತಲೇಬಾರ್ದು. ಒಂದೇ ಮನೇಲಿ ಎರಡು ಕೋವಿ ಯಾಕಿತ್ತು ಅಂತ ಚಿಕ್ಕಂದಿನಿಂದ ನೋಡಿದ್ರೂ ಅಂಗಡೀಲಿ ನಿಂತಾಗ ತಲೆಗೇ ಬರ್ಲಿಲ್ಲ.

ಆಮೇಲೆ ಕೋಚ್ ಹೇಳ್ದಂಗೆ ಕ್ಲಬ್ಬಿನ ರೈಫಲಲ್ಲೇ ಆರು ತಿಂಗ್ಳು ಹೊಡೆದ್ಲು. ಬಟ್ ಉದ್ದ, ಕೆನ್ನೆ ಇಡೋ ಜಾಗದ ಎತ್ತರ ಎರಡನ್ನೂ ಅವಳಿಗೆ ಸರಿಯಾಗಿ ಕೂರಿಸಿಕೊಟ್ರು. ವಿದೇಶಿ ಮ್ಯಾಚ್ ರೈಫಲ್ ಹೊಸದು ಎರಡು ಲಕ್ಷ ದಾಟುತ್ತೆ, ಬೆಳೆಯೋ ಹುಡುಗಿಗೆ ಈಗ್ಲೇ ಯಾಕೆ ಅಂತ, ರೇಂಜಲ್ಲೇ ಒಬ್ಬ ಸೀನಿಯರ್ ಹುಡುಗ ಮಾರ್ತಿದ್ದ ಹಳೇದನ್ನ ಕೋಚ್ ಕೈಲೇ ಚೆಕ್ ಮಾಡ್ಸಿ ತಗೊಂಡ್ವಿ. ಪೆಲೆಟ್ಟೂ ಚಪ್ಪಟೆ ತಲೇದೇ ಬೇಕು, ಕಾಗದದಲ್ಲಿ ಗುಂಡಗೆ ಕತ್ತರಿಸಿದಂಗೆ ತೂತಾಗುತ್ತೆ, ಎಷ್ಟು ಪಾಯಿಂಟು ಅಂತ ಜಗಳ ಬರಲ್ಲ.

ಹೋದ ಭಾನುವಾರ ಒಂದು ಕಾರ್ಡ್ ತಂದು ಕೈಗೆ ಕೊಟ್ಲು. ಐದು ಗುಂಡು, ಐದೂ ಸೇರಿ ಒಂದೇ ತೂತು, ನನ್ನ ಕಿರುಬೆರಳಿನ ಉಗುರಿನಷ್ಟು. ಫ್ರಿಜ್ ಮೇಲೆ ಅಂಟಿಸಿದೀನಿ.