ಮೈಲುತುತ್ತ ಬಳಿದ ತುಂಡು

ನಮ್ಮ ಜೂನಿಯರ್ ಟೆಕ್ನಿಕಲ್ ಸ್ಕೂಲಿನಲ್ಲಿ ಎಂಟರಿಂದ ಹತ್ತರವರೆಗೆ ಉಳಿದ ಹೈಸ್ಕೂಲು ಮಕ್ಕಳಿಗಿಲ್ಲದ ವಿಷಯಗಳಿದ್ದವು: ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ಮೂಲಪಾಠ, ಜೊತೆಗೆ ಇಂಜಿನಿಯರಿಂಗ್ ಗ್ರಾಫಿಕ್ಸ್. ಇವುಗಳಲ್ಲಿ ಬಾಯಿಪಾಠಕ್ಕೆ ಬಗ್ಗದೇ ಉಳಿದದ್ದು ಫಿಟ್ಟಿಂಗ್ ಶಾಪಿನ ಚೌಕ ಫಿಟ್. 6 ಮಿ.ಮೀ. ದಪ್ಪದ ಎಂ.ಎಸ್. (ಮೆದು ಉಕ್ಕಿನ) ಪಟ್ಟಿಯ ಎರಡು ತುಂಡು, ಒಂದೊಂದೂ 50 ಮಿ.ಮೀ. ಚೌಕ. ಒಂದರಲ್ಲಿ 20 ಮಿ.ಮೀ. ಅಗಲ, 20 ಮಿ.ಮೀ. ಆಳದ ಕಚ್ಚು, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಕೂರುವ ನಾಲಿಗೆ. ಹೆಣ್ಣು ತುಂಡು, ಗಂಡು ತುಂಡು ಅಂತಲೇ ಶಾಪಿನಲ್ಲಿ ಹೆಸರು.

ಲೋಹ ಕೊಯ್ಯುವ ಗರಗಸವಾದ ಹ್ಯಾಕ್ಸಾದಲ್ಲಿ ಕೊಯ್ಯುವಾಗ 52 ಮಿ.ಮೀ.ಗೆ ಕೊಯ್ಯಬೇಕು. ಮಿಕ್ಕ 2 ಅರದ ಪಾಲು. ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ಯಾಕೆಂದರೆ ಕೊಯ್ಯುವುದು ತಳ್ಳುವಾಗ ಮಾತ್ರ. ಎಳೆಯುವಾಗಲೂ ಒತ್ತಿದರೆ ಹಲ್ಲು ಮೊಂಡಾಗುತ್ತದೆ, ಅಷ್ಟೇ. ಬ್ಲೇಡು ಸಡಿಲವಿದ್ದರೆ ಕೊಯ್ತ ಓರೆಯಾಗುತ್ತದೆ. ಮಧ್ಯದಲ್ಲಿ ಮುರಿದು ಹೊಸ ಬ್ಲೇಡು ಹಾಕಿದರೆ ಅದನ್ನು ಹಳೇ ಸೀಳಿಗೆ ಇಳಿಸಬಾರದು. ಹೊಸ ಹಲ್ಲಿನ ಹರವು ಹೆಚ್ಚು, ಸಿಕ್ಕಿಕೊಂಡು ಅದೂ ಮುರಿಯುತ್ತದೆ. ಎದುರು ಬದಿಯಿಂದ ಶುರುಮಾಡಬೇಕು.

ಅರ ಹಾಕುವುದು ನೋಡಲು ಸುಲಭ. ಮೊದಲ ವಾರ ಎಲ್ಲರ ತುಂಡೂ ಮಧ್ಯದಲ್ಲಿ ಉಬ್ಬಿ ಬೆನ್ನು ಬಾಗಿರುತ್ತಿತ್ತು. ಕಾರಣ ಕೈಭಾರ. ಅರ ಮುಂದೆ ಹೋದಂತೆ ಎಡಗೈಯ ಒತ್ತು ಕಡಿಮೆಯಾಗಿ ಬಲಗೈಯದು ಹೆಚ್ಚಬೇಕು. ನಡುವೆ ಎರಡೂ ಸಮ. ಒತ್ತು ಬದಲಿಸದೆ ತಳ್ಳಿದರೆ ಅರ ತಕ್ಕಡಿಯಂತೆ ತೂಗಿ ಎರಡೂ ಅಂಚನ್ನು ಸವೆಸುತ್ತದೆ. ತುಂಡನ್ನು ಬಿಗಿಹಿಡಿಯುವ ವೈಸಿನ ಎತ್ತರ ಮೊಣಕೈ ಮಟ್ಟಕ್ಕಿರಬೇಕು; ಎಂಟನೇ ಕ್ಲಾಸಿನ ಗಿಡ್ಡ ಹುಡುಗರು ಹಲಗೆಯ ಮೇಲೆ ನಿಂತದ್ದು ಅದಕ್ಕೇ. ಅರದ ಹಲ್ಲಿನಲ್ಲಿ ಚೂರು ಸಿಕ್ಕಿಕೊಂಡರೆ ನಯವಾದ ಮುಖದ ಮೇಲೆ ಆಳವಾದ ಗೀರು ಬೀಳುತ್ತದೆ. ಮೊದಲೇ ಸೀಮೆಸುಣ್ಣ ಉಜ್ಜಿಟ್ಟರೆ ಚೂರು ಅಂಟುವುದು ಕಡಿಮೆ. ಉಜ್ಜಿದ ಮುಖವನ್ನು ಅಂಗೈಯಿಂದ ಒರೆಸುವ ಚಾಳಿ ಮಾತ್ರ ಯಾರಿಗೂ ಬೇಗ ಹೋಗಲಿಲ್ಲ: ಕೈಯ ಜಿಡ್ಡು ತಗಲಿ ಅರ ಜಾರುತ್ತದೆ, ಕಚ್ಚುವುದಿಲ್ಲ.

ಮೊದಲು ಒಂದೇ ಒಂದು ಅಂಚು ನೇರವಾಗಬೇಕು. ಲಂಬಕೋನ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಎಲ್ಲೂ ಬೆಳಕು ನುಸುಳಬಾರದು. ಎರಡನೆಯದು ಅದಕ್ಕೆ ಲಂಬ. ಮುಂದಿನ ಅಳತೆಗಳೆಲ್ಲ ಈ ಎರಡರಿಂದಲೇ. ನಾಲ್ಕೂ ಅಂಚನ್ನು ಒಟ್ಟಿಗೆ ಮುಗಿಸಲು ಹೊರಟವರು 50 ಇದ್ದದ್ದನ್ನು 48 ಮಾಡಿಕೊಂಡು ಹೊಸ ತುಂಡಿಗೆ ಕೈಚಾಚುತ್ತಿದ್ದರು.

ಗೆರೆ ಹಾಕುವ ಮುನ್ನ ಮೈಲುತುತ್ತದ (ತಾಮ್ರದ ಸಲ್ಫೇಟಿನ) ನೀರು ಬಳಿಯುವುದು. ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತ. ಉಕ್ಕಿಗೆ ತಗಲಿದ ಕೂಡಲೇ ತಾಮ್ರ ತೆಳುವಾಗಿ ಕೂತು ಮುಖ ಕೆಂಪಾಗುತ್ತದೆ; ಗೆರೆ ಕೊರೆಯುವ ಚೂಪು ಕಡ್ಡಿ, ಸ್ಕ್ರೈಬರ್, ಎಳೆದಲ್ಲಿ ಉಕ್ಕು ಬೆಳ್ಳಗೆ ಮಿನುಗುತ್ತದೆ. ರಸಾಯನಶಾಸ್ತ್ರದ ಸ್ಥಾನಪಲ್ಲಟ ಕ್ರಿಯೆ ಅಲ್ಲಿ ಕಣ್ಣೆದುರೇ ನಡೆಯುತ್ತಿತ್ತು. ಜಿಡ್ಡು ಉಳಿದ ಕಡೆ ಮಾತ್ರ ತಾಮ್ರ ಕೂರುವುದಿಲ್ಲ. ಗೆರೆಯ ಮೇಲೆ ಡಾಟ್ ಪಂಚ್ ಎಂಬ ಚೂಪು ಮೊಳೆಯನ್ನು ಬಡಿದು ಮೂಡಿಸಿದ ಸಣ್ಣ ಚುಕ್ಕಿಗಳು ಬೇಕೇ ಬೇಕು. ಬಣ್ಣ ಅಳಿಸಿದರೂ ಅರ್ಧ ಚುಕ್ಕಿ ಉಳಿದಿದ್ದರೆ ಗೆರೆಗೆ ಬಂದಿದ್ದೀರಿ ಎಂದರ್ಥ.

ಒಳಮೂಲೆಗಳಲ್ಲಿ 3 ಮಿ.ಮೀ. ರಂಧ್ರ ಕೊರೆಯುವುದು ಅಲಂಕಾರಕ್ಕಲ್ಲ. ಅರ ಮೂಲೆಯ ತುದಿ ಮುಟ್ಟುವುದಿಲ್ಲ, ಅಲ್ಲಿ ಉಳಿದ ಚೂರೇ ನಾಲಿಗೆಯನ್ನು ಕೂರಲು ಬಿಡುವುದಿಲ್ಲ. ಹೆಣ್ಣು ತುಂಡಿನ ತಳಕ್ಕೆ ಸಾಲಾಗಿ ರಂಧ್ರ ಕೊರೆದು, ಎರಡು ಪಕ್ಕ ಹ್ಯಾಕ್ಸಾದಲ್ಲಿ ಇಳಿಸಿ, ನಡುವಿನ ಕೊಂಡಿಗಳನ್ನು ಚಾಣದಿಂದ ಕಡಿಯಬೇಕು. ರಂಧ್ರದ ಸಾಲು ಗೆರೆಯಿಂದ ಕಚ್ಚಿನ ಒಳಗಿರಲಿ. ಗೆರೆಯ ಮೇಲೆಯೇ ಕೊರೆದರೆ ಕಚ್ಚಿನ ತಳದಲ್ಲಿ ಅರ್ಧಚಂದ್ರಗಳು ಉಳಿದುಬಿಡುತ್ತವೆ.

ಗಂಡು ತುಂಡನ್ನೇ ಮೊದಲು ಮುಗಿಸಬೇಕು. ಹೊರ ಅಳತೆಯನ್ನು ವರ್ನಿಯರ್ ಅಳತೆ ಉಪಕರಣದಲ್ಲಿ 0.02 ಮಿ.ಮೀ.ವರೆಗೆ ಓದಬಹುದು, ಕಚ್ಚಿನ ಒಳಗೋಡೆ ಅಷ್ಟು ಸಲೀಸಾಗಿ ಅಳತೆಗೆ ಸಿಗುವುದಿಲ್ಲ. ಆಮೇಲೆ ಕಚ್ಚನ್ನು ನಾಲಿಗೆಗೆ ತಕ್ಕಂತೆ ಒಂದೆರಡು ಎಳೆತ ಉಜ್ಜುವುದು, ಕೂರಿಸಿ ನೋಡುವುದು. ತಾಗಿದ ಜಾಗ ಹೊಳೆಯುತ್ತದೆ, ಅಲ್ಲಿ ಮಾತ್ರ ಮತ್ತೆ ಉಜ್ಜುವುದು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅಂಚು ಮಡಚಿಕೊಳ್ಳುತ್ತದೆ, ತುಂಡು ಮತ್ತೆ ಬಿಡಿಸಲು ಬರುವುದಿಲ್ಲ. ಎಮರಿ ಕಾಗದದಿಂದ ಮಿಂಚು ಬರಿಸುವುದು ನಮ್ಮೆಲ್ಲರ ಮೆಚ್ಚಿನ ತಪ್ಪು. ಮೂಲೆಗಳು ದುಂಡಾಗಿ ಜೋಡಣೆಯ ಗೆರೆ ಅಗಲವಾಗಿ ಕಾಣುತ್ತದೆ.

ಈಗ ಹೈಸ್ಕೂಲುಗಳಿಗೆ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹೆಸರಿನಲ್ಲಿ ಆಟೋಮೊಬೈಲ್, ರೀಟೇಲ್, ಐ.ಟಿ. ಬಂದಿವೆ. ಬರಲಿ. ಯಾವ ವಿಷಯವಾದರೂ ಮಕ್ಕಳು ಮಾಡಿ ಕೆಡಿಸಲು ಸಾಕಷ್ಟು ಸಾಮಾನು ಇರಬೇಕು. ಒಂದು ವೈಸಿಗೆ ಆರು ಜನ ನಿಂತರೆ ಐವರು ಪ್ರೇಕ್ಷಕರು.

ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಮೇಷ್ಟ್ರು ಜೋಡಿಯನ್ನು ಬೆಳಕಿಗೆ ಹಿಡಿದು ನೋಡಿ ಸುಮ್ಮನಾಗುತ್ತಿರಲಿಲ್ಲ. ಗಂಡು ತುಂಡನ್ನು ಕಳಚಿ, ಮಗುಚಿ ಮತ್ತೆ ಕೂರಿಸುತ್ತಿದ್ದರು. ನಾಲಿಗೆ, ಕಚ್ಚು ಎರಡೂ ನಡುವಿನಿಂದ ಒಂದೇ ಕಡೆಗೆ 0.2 ಮಿ.ಮೀ. ಸರಿದಿದ್ದರೆ ನೇರ ಕೂರಿಸಿದಾಗ ಏನೂ ಗೊತ್ತಾಗುವುದಿಲ್ಲ. ಮಗುಚಿದರೆ ಹೊರ ಅಂಚಿನಲ್ಲಿ 0.4ರ ಮೆಟ್ಟಿಲು ಉಗುರಿಗೆ ತಗಲುತ್ತದೆ.