ಮರಿ ಕಚ್ಚುತ್ತೆ, ಏನ್ಮಾಡೋದು?

ಬೀದಿಯಲ್ಲಿ ಹುಟ್ಟಿದ ನಾಯಿಮರಿಗಳನ್ನು ಒಂದಷ್ಟು ದಿನ ಮನೆಯಲ್ಲಿಟ್ಟುಕೊಂಡು, ಜಂತುಹುಳದ ಔಷಧಿ ಕೊಟ್ಟು, ಲಸಿಕೆ ಹಾಕಿಸಿ, ಸಾಕುವವರನ್ನು ಹುಡುಕಿಕೊಡುವ ಚಟ ನನಗಿದೆ. ನನ್ನಿಂದ ಮರಿ ಒಯ್ದವರು ಮಾತ್ರವಲ್ಲ, ದುಡ್ಡು ಕೊಟ್ಟು ಲ್ಯಾಬ್ರಡಾರ್ ತಂದವರೂ ಫೋನ್ ಮಾಡಿ ಕೇಳುವುದು ಇದೊಂದನ್ನೇ: "ಮೇಡಂ, ಕೈಯೆಲ್ಲಾ ಗೀರಾಗಿದೆ. ಮಕ್ಕಳು ಸೋಫಾದಿಂದ ಕೆಳಗಿಳಿಯೋಕೇ ಹೆದರ್ತಾರೆ. ದೊಡ್ಡದಾದ ಮೇಲೂ ಇದು ಕಚ್ಚೋ ನಾಯಿ ಆಗಿಬಿಡುತ್ತಾ?"

ಆಗಲ್ಲ. ಎರಡು ತಿಂಗಳ ಮರಿ ಕಚ್ಚುವುದು ಸಿಟ್ಟಿನಿಂದಲ್ಲ. ಮೂಲೆಯಲ್ಲಿ ಮುದುಡಿಕೊಂಡು ಯಾರ ಕೈಯನ್ನೂ ಬಾಯಿಗೆ ತೆಗೆದುಕೊಳ್ಳದ ಮರಿಯನ್ನು ಕಂಡರೇ ನನಗೆ ಹೆಚ್ಚು ಯೋಚನೆ.

ಮರಿಗೆ ಇಪ್ಪತ್ತೆಂಟು ಹಾಲುಹಲ್ಲು. ಮೂರನೇ ವಾರಕ್ಕೆ ಮೂಡಲು ಶುರುವಾಗಿ, ಎರಡು ತಿಂಗಳು ತುಂಬುವಷ್ಟರಲ್ಲಿ ಎಲ್ಲವೂ ಬಂದಿರುತ್ತವೆ. ಒಂದೊಂದೂ ಸೂಜಿಮೊನೆ. ಆದರೆ ದವಡೆಗೆ ಇನ್ನೂ ಬಲ ಬಂದಿರುವುದಿಲ್ಲ. ಹಾಗಾಗಿ ಅದು ಕಚ್ಚಿದರೆ ಪ್ರಾಣ ಹೋದಷ್ಟು ನೋವು, ಗಾಯ ಮಾತ್ರ ಸಣ್ಣದು. ಒಡಹುಟ್ಟಿದ ಮರಿಗಳ ನಡುವೆ ಇರುವಾಗ ಈ ಹಲ್ಲುಗಳೇ ಅದಕ್ಕೆ ಪಾಠ ಕಲಿಸುತ್ತವೆ. ಒಂದು ಮರಿ ಜೋರಾಗಿ ಕಚ್ಚಿತೋ, ಇನ್ನೊಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ಅಮ್ಮನ ಮೊಲೆಗೆ ಹಲ್ಲು ತಾಗಿದರೆ ಅಮ್ಮ ಎದ್ದು ನಡೆಯುತ್ತಾಳೆ. ಎಷ್ಟು ಒತ್ತಿದರೆ ಆಟ, ಎಷ್ಟು ಒತ್ತಿದರೆ ನೋವು ಎಂಬುದು ಹೀಗೆ ದಿನಕ್ಕೆ ನೂರು ಸಲ ತಿಳಿಯುತ್ತಾ ಹೋಗುತ್ತದೆ.

ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಆದರೂ ತಿಂಗಳ ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟು "ಚಿಕ್ಕದರಲ್ಲೇ ತಗೊಂಡ್ರೆ ಚೆನ್ನಾಗಿ ಹೊಂದ್ಕೊಳ್ಳುತ್ತೆ ಸಾರ್" ಎಂದು ಮಾರುವವರಿದ್ದಾರೆ, ನಂಬಿ ಒಯ್ಯುವವರೂ ಇದ್ದಾರೆ. ಬೀದಿಯ ಮರಿಗಳದ್ದೂ ಎಷ್ಟೋ ಸಲ ಇದೇ ಕಥೆ, ತಾಯಿ ಗಾಡಿಗೆ ಸಿಕ್ಕಿ ಸತ್ತಿರುತ್ತದೆ. ಒಡಹುಟ್ಟಿದವರು ಕಲಿಸಬೇಕಾದ ಪಾಠ ಅರ್ಧಕ್ಕೇ ನಿಂತಿರುತ್ತದೆ. ಉಳಿದರ್ಧ ಕಲಿಸುವ ಕೆಲಸ ಮನೆಯವರ ತಲೆಗೆ ಬರುತ್ತದೆ.

ಹಾಗಾಗಿ ಕಚ್ಚುವುದನ್ನು ಮೊದಲ ದಿನವೇ ಪೂರ್ತಿ ನಿಲ್ಲಿಸಲು ಹೋಗಬೇಡಿ. ಮೊದಲು ಮೆತ್ತಗೆ ಕಚ್ಚುವುದನ್ನು ಕಲಿಸಿ. ಪಶುವೈದ್ಯ ಇಯಾನ್ ಡನ್‌ಬಾರ್ ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿರುವ ಮಾತಿದು: ಮೊದಲು ಬಲ ತಗ್ಗಲಿ, ಎಷ್ಟು ಸಲ ಕಚ್ಚುತ್ತದೆ ಎಂಬುದು ಆಮೇಲೆ ತಗ್ಗಲಿ. ನಾಳೆ ನಾಯಿ ಮಲಗಿದ್ದಾಗ ಮಗು ಅದರ ಬಾಲ ತುಳಿಯಬಹುದು, ದೀಪಾವಳಿಯ ಪಟಾಕಿಗೆ ಬೆದರಿ ಅದು ಯಾರದೋ ಕೈಗೆ ಬಾಯಿ ಹಾಕಬಹುದು. ಬಾಯಿಯ ಬಲ ಗೊತ್ತಿರುವ ನಾಯಿಯಾದರೆ ಹಲ್ಲು ತಾಗಿ ಸರಿಯುತ್ತದೆ. ಗೊತ್ತಿಲ್ಲದ ನಾಯಿಯಾದರೆ ಹೊಲಿಗೆ ಹಾಕಿಸಬೇಕಾಗುತ್ತದೆ. ಬಯ್ದು ಬಡಿದು ಬಾಯಿ ಮುಚ್ಚಿಸಿದ ಮರಿ ಈ ಅಳತೆಯನ್ನು ಕಲಿಯುವುದೇ ಇಲ್ಲ.

ಮಾಡಬೇಕಾದದ್ದು ಸರಳ, ಬೇಸರ ಬರಿಸುವಷ್ಟು ಸರಳ. ಜೋರಾಗಿ ಕಚ್ಚಿತೇ? ಕೈ ಎಳೆದುಕೊಳ್ಳಬೇಡಿ, ಸಡಿಲ ಬಿಡಿ. ಎಳೆದ ಕೈ ಓಡುವ ಕೈ, ಓಡುವುದನ್ನು ಹಿಡಿಯುವುದು ಅದಕ್ಕೆ ಮೋಜು. ಮಾತಾಡದೆ, ಮುಖ ನೋಡದೆ ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಇಪ್ಪತ್ತು, ಮೂವತ್ತು ಸೆಕೆಂಡು ಸಾಕು, ಅರ್ಧ ಗಂಟೆ ಬೇಡ. ಅಷ್ಟು ಹೊತ್ತಿಗೆ ಯಾಕೆ ಹೋದಿರಿ ಎಂಬುದೇ ಅದಕ್ಕೆ ಮರೆತಿರುತ್ತದೆ. ವಾಪಸ್ ಬಂದು ಆಟ ಮುಂದುವರಿಸಿ. ಮತ್ತೆ ಕಚ್ಚಿದರೆ ಮತ್ತೆ ಏಳಿ. ಮೊದಮೊದಲು ತೀರಾ ನೋಯುವ ಕಡಿತಕ್ಕಷ್ಟೇ ಏಳಿ, ವಾರಗಳು ಕಳೆದಂತೆ ಸ್ವಲ್ಪ ಒತ್ತಿದರೂ ಏಳಿ. ನಾಲ್ಕೂವರೆ, ಐದು ತಿಂಗಳ ಹೊತ್ತಿಗೆ ಚರ್ಮಕ್ಕೆ ಹಲ್ಲು ತಾಗಿದರೇ ಆಟ ಮುಗಿಯಿತು ಎಂಬಂತಾಗಲಿ. ಮರಿಯ ಹಾಗೆ "ಕುಯ್ಯೋ" ಎಂದು ಕಿರುಚಿ ಎನ್ನುವವರೂ ಇದ್ದಾರೆ. ಕೆಲವು ಮರಿಗಳು ಅದಕ್ಕೆ ನಿಲ್ಲುತ್ತವೆ, ಇನ್ನು ಕೆಲವು ಇನ್ನಷ್ಟು ಹುರುಪಿನಿಂದ ಮೇಲೆರಗುತ್ತವೆ. ನಿಮ್ಮದು ಎರಡನೇ ಜಾತಿಯದಾದರೆ ಆ ಉಪಾಯ ಬಿಟ್ಟುಬಿಡಿ.

ಮಕ್ಕಳ ವಿಷಯ ಬೇರೆ. ಅವರು ಕಿರುಚುತ್ತಾ ಓಡುತ್ತಾರೆ, ಮರಿ ಕಾಲಿಗೆ ಬೀಳುತ್ತದೆ, ಇನ್ನಷ್ಟು ಕಿರುಚುತ್ತಾರೆ. ಕೈಕಟ್ಟಿಕೊಂಡು ಮರದ ಹಾಗೆ ನಿಂತುಬಿಡಲು ಅವರಿಗೆ ಹೇಳಿಕೊಡಿ. ದೊಡ್ಡವರ್‍ಯಾರೂ ಇಲ್ಲದಾಗ ಚಿಕ್ಕ ಮಗುವನ್ನೂ ಮರಿಯನ್ನೂ ಒಟ್ಟಿಗೆ ಬಿಡಲೇಬೇಡಿ.

ಇನ್ನು ಯಾರೂ ನಂಬದ ಸಂಗತಿಗೆ ಬರುತ್ತೇನೆ. ಫೋನುಗಳು ಹೆಚ್ಚಾಗಿ ಬರುವುದು ಸಂಜೆ ಏಳರಿಂದ ಒಂಬತ್ತರೊಳಗೆ, ಹಿನ್ನೆಲೆಯಲ್ಲಿ ಟಿವಿ, ಮಕ್ಕಳ ಗಲಾಟೆ, ಮರಿಯ ಬೊಗಳು. "ಮಧ್ಯಾಹ್ನ ಎಷ್ಟು ಹೊತ್ತು ಮಲಗಿತ್ತು?" ಎಂದು ಕೇಳಿದರೆ ಆ ಕಡೆ ಮೌನ. ಈ ವಯಸ್ಸಿನ ಮರಿಗೆ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ನಿದ್ದೆ ಬೇಕು. ನಮ್ಮ ಮನೆಗಳಲ್ಲಿ ಅದಕ್ಕೆ ಸಿಗುವುದು ಅದರ ಅರ್ಧ. ಕಣ್ಣು ಮುಚ್ಚಿದರೆ ಯಾರೋ ಎತ್ತಿಕೊಳ್ಳುತ್ತಾರೆ, ಎದುರುಮನೆಯವರು ನೋಡಲು ಬರುತ್ತಾರೆ, ಸ್ಕೂಲಿನಿಂದ ಬಂದ ಮಕ್ಕಳು ಎಬ್ಬಿಸುತ್ತಾರೆ. ನಿದ್ದೆಗೆಟ್ಟ ಮರಿ ತೂಕಡಿಸುವುದಿಲ್ಲ. ಹುಚ್ಚು ಹಿಡಿದಂತೆ ಸೋಫಾ ಸುತ್ತುತ್ತದೆ, ಸಿಕ್ಕಿದ್ದಕ್ಕೆಲ್ಲಾ ಬಾಯಿ ಹಾಕುತ್ತದೆ. ಆಗ "ಎನರ್ಜಿ ಜಾಸ್ತಿಯಾಗಿದೆ, ಇನ್ನಷ್ಟು ಆಡಿಸೋಣ" ಎಂದು ಚೆಂಡು ಎಸೆದರೆ ಉರಿಯುವ ಬೆಂಕಿಗೆ ತುಪ್ಪ. ಒಂದು ಗಂಟೆ ಎಚ್ಚರವಿದ್ದರೆ ಎರಡು ಗಂಟೆ ಮಲಗಲಿ ಎಂದು ಅಂದಾಜಿಟ್ಟುಕೊಳ್ಳಿ. ದುಬಾರಿ ಕೇಜ್ ಬೇಡ. ಗೋಡೆಯ ಮೂಲೆಗೆ ಎರಡು ಕುರ್ಚಿ ಅಡ್ಡ ಹಾಕಿ, ಒಳಗೆ ಹಳೆಯ ಬೆಡ್‌ಶೀಟು, ಒಂದು ಬಟ್ಟಲು ನೀರು. ಆ ಮೂಲೆಗೆ ಹೋದ ಮರಿಯನ್ನು ಯಾರೂ ಮುಟ್ಟಬಾರದು. ನನಗೆ ಬರುವ ದೂರುಗಳಲ್ಲಿ ಬಹುಪಾಲು ಇಷ್ಟಕ್ಕೇ ತಗ್ಗುತ್ತವೆ.

"ಮೂಗಿನ ಮೇಲೆ ಒಂದು ಕೊಡಿ, ಬೆನ್ನ ಮೇಲೆ ಉರುಳಿಸಿ ಅದುಮಿ ಹಿಡೀರಿ, ಯಜಮಾನ ಯಾರು ಅಂತ ಗೊತ್ತಾಗಲಿ" ಎಂಬ ಸಲಹೆ ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಇರುತ್ತದೆ. ಇದರ ಬೇರು ತೋಳಗಳಲ್ಲಿದೆ. ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಯಜಮಾನಿಕೆಗಾಗಿ ಸದಾ ಕಾದಾಡುತ್ತವೆ ಎಂದು 1947ರಲ್ಲಿ ಬರೆದ. ಅಮೆರಿಕದ ಡೇವಿಡ್ ಮೆಕ್ ಆ ಮಾತನ್ನು ಜನಪ್ರಿಯಗೊಳಿಸಿದರು. ಆಮೇಲೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳನ್ನು ವರ್ಷಗಟ್ಟಲೆ ಗಮನಿಸಿ, ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳಿರುವ ಸಂಸಾರ, ಅಲ್ಲಿ ಗದ್ದುಗೆಯ ಜಗಳವಿಲ್ಲ ಎಂದು 1999ರಲ್ಲಿ ಪ್ರಕಟಿಸಿದರು. ತೋಳದ ವಿಷಯದಲ್ಲೇ ಕೈಬಿಟ್ಟ ಮಾತನ್ನು ಒಂದೂವರೆ ಕೆಜಿ ಮರಿಯ ಮೇಲೆ ಪ್ರಯೋಗಿಸುವುದು ಯಾವ ನ್ಯಾಯ? ಹೊಡೆಸಿಕೊಂಡ ಮರಿ ಕೈಯನ್ನು ಕಂಡರೆ ಹೆದರುತ್ತದೆ. ಹೆದರಿದ ನಾಯಿಯೇ ಮುಂದೆ ನಿಜವಾಗಿ ಕಚ್ಚುವುದು.

ಕೈಗೆ ಬೇವಿನೆಣ್ಣೆ ಹಚ್ಚಿಕೊಳ್ಳುವವರಿದ್ದಾರೆ. ಮೇಜಿನ ಕಾಲಿಗಾದರೆ ಹಚ್ಚಿ, ಪರವಾಗಿಲ್ಲ. ಖಾರದಪುಡಿ ಮಾತ್ರ ಯಾವುದಕ್ಕೂ ಬೇಡ, ಕಣ್ಣಿಗೆ ಹೋಗುತ್ತದೆ.

ನಾಲ್ಕನೇ ತಿಂಗಳ ಹೊತ್ತಿಗೆ ಹಾಲುಹಲ್ಲು ಬೀಳಲು ಶುರುವಾಗಿ, ಏಳು ತಿಂಗಳೊಳಗೆ ನಲವತ್ತೆರಡು ಹೊಸ ಹಲ್ಲು ಬಂದಿರುತ್ತವೆ. ತಣ್ಣಗಾಗಿದ್ದ ಮರಿ ಈ ನಡುವೆ ಮತ್ತೆ ಅಗಿಯತೊಡಗಿದರೆ ಗಾಬರಿ ಬೇಡ, ವಸಡು ಕೆರೆಯುತ್ತಿರುತ್ತದೆ. ಹಳೆಯ ಟವೆಲನ್ನು ಒದ್ದೆ ಮಾಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ, ನೀವು ಎದುರಿಗಿದ್ದಾಗ ಇಡೀ ಕ್ಯಾರೆಟ್ ಕೊಡಿ. ಬೇಯಿಸಿದ ಕೋಳಿ ಮೂಳೆ ಬೇಡ, ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಹಳೆಯ ಚಪ್ಪಲಿಯೂ ಬೇಡ. ಹಳೆಯದು, ಹೊಸದು ಎಂಬ ವ್ಯತ್ಯಾಸ ನಿಮಗಿದೆ, ಅದಕ್ಕಿಲ್ಲ.

ಉಳಿದ ತರಬೇತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಸರು ಕರೆದರೆ ತಿರುಗಿ ನೋಡುವುದು, ಕರೆದಾಗ ಬರುವುದು, ಬಾಯಲ್ಲಿರುವುದನ್ನು ಬಿಡುವುದು, ಮೊದಲ ಎರಡು ತಿಂಗಳಿಗೆ ಇಷ್ಟು ಸಾಕು. ಬಿಡಿಸಲು ಬಾಯಿಗೆ ಕೈ ಹಾಕಬೇಡಿ. ಬೇಯಿಸಿದ ಕೋಳಿಯ ಉಗುರಿನಷ್ಟು ಚೂರು ಮೂಗಿನ ಹತ್ತಿರ ಹಿಡಿದು ವಿನಿಮಯ ಮಾಡಿಕೊಳ್ಳಿ. ನಿದ್ದೆಯಿಂದ ಎದ್ದೊಡನೆ, ಊಟವಾದೊಡನೆ, ಆಟ ಮುಗಿದೊಡನೆ ಹೊರಗೆ ಕರೆದೊಯ್ದರೆ ಉಚ್ಚೆಯ ಸಮಸ್ಯೆ ಮುಕ್ಕಾಲು ಪಾಲು ಮುಗಿಯಿತು. ನಿಜವಾದ ಕಷ್ಟ ಮನೆಯ ಮನುಷ್ಯರದ್ದು. ಅಮ್ಮ ಎದ್ದು ಹೋಗುತ್ತಾರೆ, ಮಗ ಕೈಯನ್ನೇ ಆಟದ ಸಾಮಾನು ಮಾಡುತ್ತಾನೆ, ತಾತ ಪಂಚೆ ಎಳೆಸಿಕೊಂಡು ನಗುತ್ತಾರೆ. ತಾತನನ್ನು ತಿದ್ದಲು ನನ್ನ ಬಳಿ ಉಪಾಯವಿಲ್ಲ.

ಲಸಿಕೆ ಮುಗಿಯುವವರೆಗೆ ಹೊರಗೆ ಒಯ್ಯುವುದೇ ಬೇಡವೇ ಎಂದೂ ಕೇಳುತ್ತಾರೆ. ಮರಿಗಳಿಗೆ ವಾಂತಿ, ಭೇದಿ ತಂದು ಕೊಲ್ಲಬಲ್ಲ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಹಾಗಾಗಿ ಬೀದಿಯಲ್ಲಿ ನೆಲಕ್ಕೆ ಬಿಡಬೇಡಿ. ಆದರೆ ಮರಿ ಲೋಕಕ್ಕೆ ಹೊಂದಿಕೊಳ್ಳುವ ಕಾಲ ಮೂರರಿಂದ ಹದಿನಾಲ್ಕು ವಾರದೊಳಗೆ, ಅದೂ ಕೈತಪ್ಪಬಾರದು. ಎತ್ತಿಕೊಂಡೇ ಹೋಗಿ. ಆಟೋ ಸದ್ದು, ಹೆಲ್ಮೆಟ್ ಹಾಕಿದವರು, ಛತ್ರಿ, ದೇವಸ್ಥಾನದ ಗಂಟೆ, ತರಕಾರಿ ಗಾಡಿಯವನ ಕೂಗು, ಎಲ್ಲವನ್ನೂ ನಿಮ್ಮ ತೋಳಿನಿಂದಲೇ ನೋಡಲಿ, ಕೇಳಲಿ.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ರೇಬಿಸ್ ಲಸಿಕೆ ಹಾಕುವುದೇ ಸುಮಾರು ಮೂರು ತಿಂಗಳಿಗೆ. ಅದಕ್ಕೂ ಮೊದಲು, ಅದರಲ್ಲೂ ಬೀದಿಯಿಂದ ಬಂದ ಮರಿಯ ಹಲ್ಲು ಚರ್ಮ ಸೀಳಿದರೆ, "ಮರಿ ತಾನೇ" ಎಂದು ಬಿಡಬೇಡಿ. ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅಂದೇ ವೈದ್ಯರಿಗೆ ತೋರಿಸಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಹೆದರಿಕೆ ಈಗ ಬೇಕಿಲ್ಲ, ತೋಳಿಗೆ ಕೆಲವೇ ಚುಚ್ಚುಮದ್ದು.

ಮರಿಯ ಮೈ ಗಟ್ಟಿಯಾಗಿ, ಕಣ್ಣು ನೆಟ್ಟು, ಊಟದ ತಟ್ಟೆಯ ಬಳಿ ಬಂದವರಿಗೆಲ್ಲಾ ಗುರುಗುಟ್ಟಿ ಕಚ್ಚಲು ಬರುತ್ತಿದ್ದರೆ ಅದು ಆಟವಲ್ಲ. ಮೊದಲು ಪಶುವೈದ್ಯರಿಗೆ ತೋರಿಸಿ, ನೋವಿದೆಯೇ ನೋಡಲಿ, ಆಮೇಲೆ ಟ್ರೈನರ್. ತಿಂಗಳುಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡು "ಪೂರ್ತಿ ರೆಡಿ ಮಾಡಿ ಕೊಡ್ತೀವಿ" ಎನ್ನುವವರ ಬಳಿ ಮರಿಯನ್ನು ಬಿಡಬೇಡಿ. ನಿಮ್ಮ ಮನೆಗೇ ಬಂದು, ನಿಮ್ಮ ಕೈಯಿಂದಲೇ ಮಾಡಿಸುವವರನ್ನು ಹುಡುಕಿ. ಮೊದಲ ದಿನವೇ ಚೋಕ್ ಚೈನ್ (ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ) ಹೊರತೆಗೆದರೆ ಕಾಫಿ ಕೊಟ್ಟು ಕಳಿಸಿಬಿಡಿ.