‘ಸ್ಟೇಷನ್‌ಗೆ ಒಮ್ಮೆ ಬಂದು ಹೋಗಿ’ ಅಂದಾಗ

ಠಾಣೆಯಿಂದ ಫೋನ್ ಬರುತ್ತದೆ: "ಸಣ್ಣ ವಿಚಾರಣೆ ಇದೆ, ಸ್ಟೇಷನ್‌ಗೆ ಒಮ್ಮೆ ಬಂದು ಹೋಗಿ." ಬೆಳಿಗ್ಗೆ ಹೋದವರು ರಾತ್ರಿಯಾದರೂ ಮನೆಗೆ ಮರಳುವುದಿಲ್ಲ. ಮನೆಯವರು ಹೋಗಿ ಕೇಳಿದರೆ "ಅರೆಸ್ಟ್ ಏನೂ ಮಾಡಿಲ್ಲ, ವಿಚಾರಣೆ ನಡೀತಿದೆ" ಎನ್ನುತ್ತಾರೆ. ಅರೆಸ್ಟೂ ಅಲ್ಲದ, ಬಿಡುಗಡೆಯೂ ಅಲ್ಲದ ಇಂಥ ನಡುವಿನ ಸ್ಥಿತಿಗೆ ಸಂವಿಧಾನದಲ್ಲಿ ಜಾಗವಿಲ್ಲ. ಎದ್ದು ಹೊರಟರೆ ತಡೆಯುವುದಿಲ್ಲ ಎಂದಾದರೆ ಆ ವ್ಯಕ್ತಿ ಸ್ವತಂತ್ರ. ತಡೆಯುತ್ತಾರೆ ಎಂದಾದರೆ ಆತ ಪೊಲೀಸ್ ವಶದಲ್ಲಿದ್ದಾನೆ, ಕಾಗದದ ಮೇಲೆ ಏನೇ ಬರೆದಿರಲಿ. ಪೊಲೀಸ್ ಅಧಿಕಾರದ ಮಿತಿಗಳ ಪೈಕಿ ಹೆಚ್ಚಿನವು ಮುರಿಯುವುದು ಈ ಬರೆಯದೆ ಬಿಟ್ಟ ಗಂಟೆಗಳಲ್ಲೇ.

ಮೊದಲು ಆ ಕರೆಯನ್ನೇ ನೋಡೋಣ. ಪ್ರಕರಣದ ಬಗ್ಗೆ ಮಾಹಿತಿ ಇರಬಹುದಾದವರನ್ನು ಕರೆಸಲು ಪೊಲೀಸರಿಗೆ ಅಧಿಕಾರವಿದೆ, ಆದರೆ ಅದು ಲಿಖಿತವಾಗಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 179 ಇದನ್ನು ಹೇಳುತ್ತದೆ (ಹಳೆಯ ಸಿಆರ್‌ಪಿಸಿಯಲ್ಲಿ ಇದು ಕಲಂ 160 ಆಗಿತ್ತು). ಆ ಠಾಣೆಯ ಅಥವಾ ಅದಕ್ಕೆ ಹೊಂದಿಕೊಂಡ ಠಾಣೆಯ ಸರಹದ್ದಿನಲ್ಲಿ ಇರುವವರನ್ನು ಮಾತ್ರ ಹೀಗೆ ಕರೆಸಬಹುದು. ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಪುರುಷರು, ಅಂಗವಿಕಲರು, ತೀವ್ರ ಕಾಯಿಲೆಯಲ್ಲಿರುವವರು ಠಾಣೆಗೆ ಬರಬೇಕಾಗಿಲ್ಲ. ಅವರು ವಾಸಿಸುವಲ್ಲಿಗೇ ಹೋಗಿ ವಿಚಾರಿಸಬೇಕು. ಅವರಾಗಿಯೇ ಬರಲು ಒಪ್ಪಿದರೆ ಮಾತು ಬೇರೆ. ಈ ನಿಷೇಧ ಗೊತ್ತಿದ್ದೂ ಕರೆಸಿದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 199ರಡಿ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಶಿಕ್ಷೆಯಿದೆ. ಇಷ್ಟು ಖಚಿತವಾದ ಕಲಮು ಪುಸ್ತಕದಲ್ಲಿದ್ದೂ, ಹೆಣ್ಣುಮಕ್ಕಳನ್ನು ಗಂಟೆಗಟ್ಟಲೆ ಠಾಣೆಯ ಬೆಂಚಿನ ಮೇಲೆ ಕೂರಿಸುವುದು ಯಾರಿಗೂ ತಪ್ಪೆನಿಸದೆ ನಡೆದುಕೊಂಡು ಬಂದಿದೆ ಎಂಬುದು ನೋವಿನ ಸಂಗತಿ.

ಕರೆಸಿದ್ದು ಆರೋಪಿಯಾಗಿಯೇ ಆದರೆ ಬೇರೆ ನೋಟಿಸ್ ಬೇಕು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರದ್ದು (ಮುಂದೆ ಬರುವ ಕಲಮುಗಳೆಲ್ಲ ಇದೇ ಸಂಹಿತೆಯವು). ನೋಟಿಸ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಈ ಕಲಂ ಸಂಖ್ಯೆಯನ್ನೇ: 179 ಎಂದಿದ್ದರೆ ಸಾಕ್ಷಿ, 35(3) ಎಂದಿದ್ದರೆ ಆರೋಪದ ನೆರಳಿನಲ್ಲಿರುವವರು. ಎರಡನೆಯದಾದರೆ ವಕೀಲರನ್ನು ಕಂಡೇ ಹೋಗಬೇಕು. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಕೈಗೆ ಬಂದ ನೋಟಿಸನ್ನು ಕಡೆಗಣಿಸಬಾರದು. ಹೇಳಿದ ದಿನ ಹಾಜರಾಗುತ್ತಿರುವವರೆಗೆ ಬಂಧಿಸುವಂತಿಲ್ಲ, ಬಂಧಿಸಲೇಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು. ಗೈರಾದರೆ ಆ ಗೈರುಹಾಜರಿಯೇ ಬಂಧನಕ್ಕೆ ಕಾರಣವಾಗಬಹುದು. ಆರೋಗ್ಯ ಸರಿಯಿಲ್ಲದಿದ್ದರೆ ವೈದ್ಯರ ಚೀಟಿಯೊಂದಿಗೆ ಬೇರೆ ದಿನಾಂಕ ಕೋರಿ ಅರ್ಜಿ ಕೊಟ್ಟು, ನಕಲಿನ ಮೇಲೆ ಠಾಣೆಯ ಮೊಹರು ಮತ್ತು ಸಹಿ ಹಾಕಿಸಿಕೊಳ್ಳಬೇಕು.

ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ "ಎಫ್‌ಐಆರ್ ಆಗಿದೆ, ಹಾಗಾಗಿ ಅರೆಸ್ಟ್" ಎನ್ನುವಂತಿಲ್ಲ. ಬಂಧನ ಯಾಕೆ ಅಗತ್ಯ ಎಂಬುದಕ್ಕೆ ಕಲಂ 35 ಹೇಳುವ ಕಾರಣಗಳಲ್ಲಿ ಒಂದಾದರೂ ಇರಬೇಕು: ಮತ್ತೆ ಅಪರಾಧ ಎಸಗುವುದನ್ನು ತಡೆಯುವುದು, ಸರಿಯಾದ ತನಿಖೆ, ಸಾಕ್ಷ್ಯನಾಶದ ಭಯ, ಸಾಕ್ಷಿಗಳ ಮೇಲೆ ಒತ್ತಡ ಹೇರುವ ಸಾಧ್ಯತೆ, ಕೋರ್ಟಿಗೆ ಬಾರದೆ ತಪ್ಪಿಸಿಕೊಳ್ಳುವ ಸಂಭವ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಪಟ್ಟಿಯಾಗಿ ತುಂಬಿ ಮ್ಯಾಜಿಸ್ಟ್ರೇಟರ ಮುಂದೆ ಇಡಬೇಕೆಂದಿತು. ಕಣ್ಣುಮುಚ್ಚಿ ರಿಮಾಂಡ್ (ವಶದಲ್ಲಿ ಮುಂದುವರಿಸುವ ಆದೇಶ) ಕೊಟ್ಟ ಮ್ಯಾಜಿಸ್ಟ್ರೇಟರ ಮೇಲೂ ಇಲಾಖಾ ಕ್ರಮ ಎಂದಿತು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣದಲ್ಲಿ 60 ಮೀರಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು.

ಬಂಧಿಸಿದರು ಎಂದಿಟ್ಟುಕೊಳ್ಳಿ. ಆಗ ಎರಡು ಕಾಗದ ಹುಟ್ಟಬೇಕು, ಇವೆರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಒಂದು ದಸ್ತಗಿರಿ ಮೆಮೊ: 1996ರ ಡಿ.ಕೆ. ಬಸು ತೀರ್ಪಿನಿಂದ ಬಂದು ಈಗ ಕಲಂ 36ರಲ್ಲಿ ನೆಲೆಯಾಗಿರುವುದು. ಮನೆಯವರೊಬ್ಬರ ಅಥವಾ ಊರಿನ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ, ಬಂಧಿತರ ಸಹಿ ಅದರಲ್ಲಿರಬೇಕು; ಬಂಧಿಸುವ ಅಧಿಕಾರಿಯ ಸಮವಸ್ತ್ರದ ಮೇಲಿನ ಹೆಸರುಪಟ್ಟಿ ಓದುವಂತಿರಬೇಕು. ಬಂಧನದ ದಿನಾಂಕ, ಸಮಯ ಇಲ್ಲೇ ದಾಖಲಾಗುತ್ತವೆ. ಸಹಿ ಹಾಕುವ ಮುನ್ನ ಸಮಯದ ಜಾಗ ನೋಡಿ. ಖಾಲಿ ಬಿಟ್ಟಿದ್ದರೆ ಅಥವಾ ತಪ್ಪಿದ್ದರೆ, ಸಹಿಯ ಪಕ್ಕದಲ್ಲೇ ನಿಜವಾದ ಸಮಯವನ್ನು ಸ್ವಂತ ಕೈಬರಹದಲ್ಲಿ ಬರೆಯಬೇಕು.

ಇನ್ನೊಂದು, ಬಂಧನದ ಆಧಾರಗಳು. ಸಂವಿಧಾನದ 22(1)ನೇ ವಿಧಿ ಕೇಳುವುದು ಇದನ್ನು. "ತನಿಖೆಗೆ ಅಗತ್ಯವಿದೆ, ಸಾಕ್ಷ್ಯ ನಾಶಪಡಿಸಬಹುದು" ಎಂಬ ಅಚ್ಚುಹಾಕಿದ ಸಾಲುಗಳು ಯಾರ ಬಂಧನಕ್ಕಾದರೂ ಹೊಂದುತ್ತವೆ. ಅವು ಕಾರಣಗಳು, ಆಧಾರಗಳಲ್ಲ. ಈ ಮನುಷ್ಯ ಏನು ಮಾಡಿದನೆಂದು ಆರೋಪ, ಅವನಿಗೂ ಈ ಪ್ರಕರಣಕ್ಕೂ ಏನು ನಂಟು ಎಂಬ ವಿವರವೇ ಆಧಾರ. 2024ರ ಪ್ರಬೀರ್ ಪುರ್ಕಾಯಸ್ಥ ತೀರ್ಪು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಅಪರಾಧ ಯಾವುದೇ ಇರಲಿ, ಆಧಾರಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮೊದಲಾದರೂ ಬರಹದಲ್ಲಿ ಕೊಡಬೇಕು. ಕೊಡದಿದ್ದರೆ ಬಂಧನವೂ ರಿಮಾಂಡೂ ಅಕ್ರಮ. ಕನ್ನಡವಷ್ಟೇ ಬಲ್ಲವರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಈ ಕರ್ತವ್ಯ ಮುಗಿಯುವುದಿಲ್ಲ.

ಇನ್ನು 24 ಗಂಟೆಯ ಮಾತು. 22(2)ನೇ ವಿಧಿ ಮತ್ತು ಕಲಂ 58ರ ಪ್ರಕಾರ ಬಂಧಿತರನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪ್ರಯಾಣದ ಸಮಯವನ್ನಷ್ಟೇ ಕಳೆಯಬಹುದು. ಭಾನುವಾರ, ಹಬ್ಬದ ರಜೆ ಕಳೆಯುವಂತಿಲ್ಲ. ಕೋರ್ಟ್ ಮುಚ್ಚಿದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ಆದರೆ ಗಡಿಯಾರ ಶುರುವಾಗುವುದು ಎಲ್ಲಿಂದ? ಮೆಮೊದಲ್ಲಿ ಬರೆದ ಸಮಯದಿಂದ ಎಂದು ಪೊಲೀಸರು ಲೆಕ್ಕ ಹಾಕುತ್ತಾರೆ. 2025ರಲ್ಲಿ ಸುಪ್ರೀಂ ಕೋರ್ಟ್ ಮುಂದಿದ್ದ ಜಾರಿ ನಿರ್ದೇಶನಾಲಯದ (ಇ.ಡಿ.) ಪ್ರಕರಣವೊಂದರ ಲೆಕ್ಕ ನೋಡಿ. ದೆಹಲಿ ವಿಮಾನ ನಿಲ್ದಾಣದಲ್ಲಿ 2022ರ ಮಾರ್ಚ್ 5ರ ಬೆಳಿಗ್ಗೆ 11ಕ್ಕೆ ವ್ಯಕ್ತಿಯನ್ನು ವಶಕ್ಕೆ ಪಡೆದರು. ಬಂಧನ ತೋರಿಸಿದ್ದು ಮಧ್ಯರಾತ್ರಿ ಕಳೆದು 1.15ಕ್ಕೆ. ಕೋರ್ಟಿಗೆ ತಂದದ್ದು 6ರ ಮಧ್ಯಾಹ್ನ 3ಕ್ಕೆ. ಮೆಮೊ ಪ್ರಕಾರ ಎಣಿಸಿದರೆ 14 ಗಂಟೆಯೂ ಇಲ್ಲ. ವಶಕ್ಕೆ ಪಡೆದಲ್ಲಿಂದ ಎಣಿಸಿದರೆ 28. ಕೋರ್ಟ್ ಎರಡನೆಯದನ್ನೇ ಹಿಡಿದು, ಬಂಧನ ಅಕ್ರಮ ಎಂದು ಜಾಮೀನನ್ನು ಎತ್ತಿಹಿಡಿಯಿತು.

ಹಾಗಾಗಿ ಮನೆಯವರ ಮೊದಲ ಕೆಲಸ ಆ ಮೊದಲ ಗಂಟೆಗೆ ಸಾಕ್ಷ್ಯ ಹುಟ್ಟಿಸುವುದು. ಕರೆದೊಯ್ದ ಸಮಯ, ವಾಹನದ ನಂಬರ್, ಬಂದವರ ಹೆಸರುಪಟ್ಟಿಯಲ್ಲಿರುವ ಹೆಸರು ಬರೆದಿಡಿ. ಕೂಡಲೇ 112ಕ್ಕೆ ಕರೆ ಮಾಡಿದರೆ ಸಮಯ ಅಲ್ಲೇ ದಾಖಲಾಗುತ್ತದೆ. ಜಿಲ್ಲೆಯಲ್ಲಾದರೆ ಎಸ್‌ಪಿಗೆ, ಕಮಿಷನರೇಟ್ ಇರುವ ನಗರದಲ್ಲಾದರೆ ಕಮಿಷನರಿಗೆ ಇಮೇಲ್ ಹಾಕಿ. ಕಲಂ 37ರ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ಬಂಧಿತರ ಮಾಹಿತಿ ಇಟ್ಟಿರಬೇಕು, ಅವರನ್ನೇ ಕೇಳಿ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ವಶದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಎಲ್ಲಿದ್ದಾರೆಂದೇ ಹೇಳದಿದ್ದರೆ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಲು ಕೋರುವ ಅರ್ಜಿ.

ಒಳಗಿರುವವರಿಗೆ: ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಕಲಂ 38ರಲ್ಲಿದೆ, ಪೂರ್ತಿ ಸಮಯ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ, ಕಲಂ 181 ಸಹಿ ಪಡೆಯುವುದನ್ನೇ ನಿಷೇಧಿಸುತ್ತದೆ. ಖಾಲಿ ಹಾಳೆಗಂತೂ ಸಹಿ ಬೇಡವೇ ಬೇಡ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂಬುದು ಕರ್ನಾಟಕದಿಂದಲೇ ಹೋದ 2010ರ ಸೆಲ್ವಿ ಪ್ರಕರಣದ ತೀರ್ಪು.

ಇದಕ್ಕೆಲ್ಲ ಒಂದು ದೊಡ್ಡ ಅಪವಾದವಿದೆ. ಮುಂಜಾಗ್ರತಾ ಬಂಧನ, ಅಂದರೆ ಗೂಂಡಾ ಕಾಯ್ದೆಯಂಥವುಗಳಡಿ ಹೊರಡುವ ಆದೇಶಗಳಿಗೆ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. 22ನೇ ವಿಧಿಯೇ ಹಾಗೆ ಹೇಳುತ್ತದೆ. ಅಲ್ಲಿನ ಹೋರಾಟ ಇಂಥ ಆದೇಶಗಳನ್ನು ಪರಿಶೀಲಿಸುವ ಸಲಹಾ ಮಂಡಳಿಯ ಮುಂದೆ ಮತ್ತು ಹೈಕೋರ್ಟಿನಲ್ಲಿ. ಪ್ರತಿಭಟನೆಯಲ್ಲಿ ಎತ್ತಿಕೊಂಡು ಹೋಗಲು ಬಳಸುವ ಕಲಂ 170 ಇದಲ್ಲ. ಅದರಡಿ ಬೇರೆ ಆದೇಶವಿಲ್ಲದೆ 24 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ.

ಕೊನೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಆ ಎರಡು ನಿಮಿಷ. ಮೊದಲ ಸಲ ಪೊಲೀಸ್ ಕಸ್ಟಡಿಗೆ ಕೊಡಬೇಕಾದರೆ ಖುದ್ದಾಗಿಯೇ ಹಾಜರುಪಡಿಸಬೇಕು, ವಿಡಿಯೊ ಸಾಲದು. "ಏನಾದರೂ ಹೇಳುವುದಿದೆಯೇ" ಎಂದಾಗ ಹೆಚ್ಚಿನವರು ಭಯದಿಂದ ತಲೆಯಾಡಿಸಿಬಿಡುತ್ತಾರೆ. ಹೇಳಬೇಕಾದದ್ದು ನಾಲ್ಕೇ ಸಂಗತಿ: ನಿಜಕ್ಕೂ ಕರೆತಂದ ದಿನ ಮತ್ತು ಸಮಯ, ಆಧಾರಗಳ ಹಾಳೆ ಕೊಟ್ಟರೋ ಇಲ್ಲವೋ, ಮನೆಯವರಿಗೆ ತಿಳಿಸಿದರೋ ಇಲ್ಲವೋ, ಹೊಡೆದರೋ ಇಲ್ಲವೋ. ಹೊಡೆದಿದ್ದರೆ ಗಾಯ ತೋರಿಸಿ ವೈದ್ಯಕೀಯ ತಪಾಸಣೆಗೆ ಕೇಳಬೇಕು. ಕೇಳದೆ ಬಿಟ್ಟರೆ ಬಾವು ಇಳಿದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಜೊತೆಗೆ ವಕೀಲರು ಅಂದೇ ಒಂದು ಅರ್ಜಿ ಸಲ್ಲಿಸಬೇಕು: ಠಾಣೆಯ ಪ್ರವೇಶದ್ವಾರ, ಲಾಕಪ್, ಕಾರಿಡಾರ್‌ಗಳ ಸಿಸಿಟಿವಿ ದೃಶ್ಯವನ್ನು, ಗಂಟೆ ನಮೂದಿಸಿ, ಕಾಪಿಟ್ಟು ಹಾಜರುಪಡಿಸಲು ಆದೇಶ ಕೋರಿ. 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಂತೆ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ 1 ವರ್ಷ ಇಡಬೇಕು. ವಾರ ಕಳೆದು ಕೇಳಿದರೆ ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರುವ ಸಂಭವ ಹೆಚ್ಚು. ಮೊದಲ ದಿನವೇ ಅರ್ಜಿ ಕೋರ್ಟಿನ ಕಡತ ಸೇರಿದ್ದರೆ, ಕ್ಯಾಮೆರಾ ಯಾವಾಗ ಕೆಟ್ಟಿತು, ಯಾರಿಗೆ ವರದಿ ಮಾಡಿದಿರಿ ಎಂಬ ಪ್ರಶ್ನೆಗೆ ಠಾಣಾಧಿಕಾರಿಯೇ ಉತ್ತರ ಕೊಡಬೇಕಾಗುತ್ತದೆ.